ಕೋಟ್ ಒಳಗಿನ ಕ್ವೆರಿಗೂ ಎಡಿಟರ್ ನೆರವು

ಜಾವಾದಲ್ಲೋ ಪೈಥಾನ್‌ನಲ್ಲೋ ಒಂದು ಚುಕ್ಕಿ ಇಟ್ಟರೆ ಸಾಕು, ಮುಂದೇನು ಬರೆಯಬಹುದೆಂಬ ಪಟ್ಟಿಯನ್ನು ಎಡಿಟರ್ ತೆರೆದಿಡುತ್ತದೆ. ಅದೇ ಕೋಡ್ ನಡುವೆ ಕೋಟ್ ಹಾಕಿ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ, ಅಂದರೆ ಕ್ವೆರಿ, ಕಳಿಸುವ ಭಾಷೆ) ಬರೆಯಲು ಹೊರಟರೆ ಎಷ್ಟೋ ಸಲ ಈ ನೆರವು ನಿಂತುಹೋಗುತ್ತದೆ. ಕಂಪೈಲರ್ ಪಾಲಿಗೆ ಸ್ಟ್ರಿಂಗ್, ಅಂದರೆ ಕೋಟ್ ಒಳಗಿನ ಬರಹ, ಎಂದರೆ ಬರೀ ಅಕ್ಷರಗಳ ಸಾಲು. ಕಾಲಂ ಹೆಸರಲ್ಲಿ ಒಂದಕ್ಷರ ತಪ್ಪಿದರೂ ಬಿಲ್ಡ್ ಸಲೀಸಾಗಿ ಮುಗಿಯುತ್ತದೆ. ತಪ್ಪು ಹೊರಬೀಳುವುದು ಪ್ರೋಗ್ರಾಂ ಓಡುತ್ತಾ ಆ ಸಾಲಿಗೆ ಬಂದಾಗ.

ಇದು ಸರಿಹೋಗಬೇಕಾದರೆ ಎಡಿಟರ್‌ಗೆ ಎರಡು ವಿಷಯ ಗೊತ್ತಿರಬೇಕು: ಸ್ಟ್ರಿಂಗ್‌ನಲ್ಲಿರುವುದು ಯಾವ ಭಾಷೆ, ಟೇಬಲ್‌ಗಳು ಯಾವ ಡೇಟಾಬೇಸ್‌ನವು. ಡೇಟಾಬೇಸ್ ಸೌಲಭ್ಯವಿರುವ ಇಂಟೆಲಿಜೆ ಐಡಿಯಾ ಅಥವಾ ಪೈಚಾರ್ಮ್‌ನಲ್ಲಿ ಹೀಗೆ ಮಾಡಿ.

ಮೊದಲು ಡೇಟಾಬೇಸ್ ವಿಂಡೋ ತೆರೆದು, ಪ್ಲಸ್ ಗುರುತು ಒತ್ತಿ ಡೇಟಾ ಸೋರ್ಸ್ ಸೇರಿಸಿ. ಹೋಸ್ಟ್, ಪೋರ್ಟ್ (ಮೈಎಸ್‌ಕ್ಯೂಎಲ್‌ಗೆ ಸಾಮಾನ್ಯವಾಗಿ 3306, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ 5432), ಯೂಸರ್ ಹೆಸರು, ಪಾಸ್‌ವರ್ಡ್ ತುಂಬಿ. ಡ್ರೈವರ್ (ಡೇಟಾಬೇಸ್ ಜೊತೆ ಮಾತಾಡಲು ಬೇಕಾದ ಕೊಂಡಿ) ಇಲ್ಲವೆಂದರೆ ಅಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಟೆಸ್ಟ್ ಕನೆಕ್ಷನ್ ಹಸಿರಾದ ಮೇಲೆ ನಿಮಗೆ ಬೇಕಾದ ಸ್ಕೀಮಾಗೆ (ಟೇಬಲ್‌ಗಳ ಗುಂಪಿಗೆ) ಟಿಕ್ ಹಾಕುವುದನ್ನು ಮರೆಯಬೇಡಿ. ಕನೆಕ್ಷನ್ ಸಿಕ್ಕಿಯೂ ಕಾಲಂ ಹೆಸರು ಬರುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಇದನ್ನೇ. ಗ್ರಾಹಕರ ಅಸಲಿ ಡೇಟಾ ಇರುವ ಸರ್ವರ್‌ಗೆ ದಯವಿಟ್ಟು ಜೋಡಿಸಬೇಡಿ. ಡೆವಲಪ್‌ಮೆಂಟ್ ಪ್ರತಿಯೇ ಸಾಕು.

ಇನ್ನು ಸ್ಟ್ರಿಂಗ್ ಒಳಗೆ ಕರ್ಸರ್ ಇಟ್ಟು ಆಲ್ಟ್ ಎಂಟರ್ ಒತ್ತಿ, 'ಇಂಜೆಕ್ಟ್ ಲ್ಯಾಂಗ್ವೇಜ್ ಆರ್ ರೆಫರೆನ್ಸ್' ಆರಿಸಿ. ಪಟ್ಟಿಯಲ್ಲಿ ನಿಮ್ಮ ಡೇಟಾಬೇಸ್‌ನ ಡಯಲೆಕ್ಟನ್ನೇ (ಅದರದೇ ಎಸ್‌ಕ್ಯೂಎಲ್ ರೂಪವನ್ನೇ) ತೆಗೆದುಕೊಳ್ಳಿ. ಮೈಎಸ್‌ಕ್ಯೂಎಲ್ ಟೇಬಲ್ ಹೆಸರಿಗೆ ಬ್ಯಾಕ್‌ಟಿಕ್ ಬಳಸುತ್ತದೆ, ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡಬಲ್ ಕೋಟ್ ಬಳಸುತ್ತದೆ. ಡಯಲೆಕ್ಟ್ ತಪ್ಪಿದರೆ ಸರಿಯಾದ ಕ್ವೆರಿಗೂ ಕೆಂಪು ಗೆರೆ ಬೀಳುತ್ತದೆ. ತಂಡದವರಿಗೂ ಇದೇ ಅನುಕೂಲ ಸಿಗಲೆಂದಿದ್ದರೆ ಸ್ಟ್ರಿಂಗ್‌ನ ಮೇಲಿನ ಸಾಲಿನಲ್ಲಿ 'ಲ್ಯಾಂಗ್ವೇಜ್=ಎಸ್‌ಕ್ಯೂಎಲ್' ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಕಾಮೆಂಟ್ ಬರೆದಿಡಿ. ಕೋಡ್ ಜೊತೆಗೇ ಹೋಗುವುದರಿಂದ ನನಗೆ ಈ ದಾರಿಯೇ ಹೆಚ್ಚು ಇಷ್ಟ.

ಬರೆಯುವಾಗ ಒಂದು ಅಭ್ಯಾಸ ಬದಲಿಸಿಕೊಳ್ಳಿ. 'ಸೆಲೆಕ್ಟ್' ಬರೆದ ಕೂಡಲೇ ಕಾಲಂಗಳಿಗಾಗಿ ತಡಕಾಡಿದರೆ ಎಡಿಟರ್ ತಾನೇ ಏನು ಹೇಳೀತು? ಯಾವ ಟೇಬಲ್ ಎಂದೇ ಅದಕ್ಕೆ ಗೊತ್ತಿಲ್ಲ. 'ಸೆಲೆಕ್ಟ್ ಫ್ರಂ ಆರ್ಡರ್ಸ್ ಒ' ಎಂದು ಮೊದಲು ಬರೆದು ('ಒ' ಎಂಬುದು ಆರ್ಡರ್ಸ್ ಟೇಬಲ್‌ಗೆ ಇಟ್ಟ ಚುಟುಕು ಹೆಸರು), ಹಿಂದಕ್ಕೆ ಬಂದು, 'ಸೆಲೆಕ್ಟ್' ಪಕ್ಕದಲ್ಲಿ 'ಒ' ಮತ್ತು ಚುಕ್ಕಿ ಒತ್ತಿ. ಆ ಟೇಬಲ್‌ನ ಕಾಲಂಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ.

ಕ್ವೆರಿಯನ್ನು ತುಂಡು ತುಂಡು ಮಾಡಿ ಪ್ಲಸ್ ಹಾಕಿ ಜೋಡಿಸಿದಷ್ಟೂ ಈ ನೆರವು ಕುಂಟುತ್ತದೆ. ಪೈಥಾನ್‌ನ ಮೂರು ಕೋಟ್‌ಗಳ ಸ್ಟ್ರಿಂಗ್‌ನಲ್ಲಾಗಲಿ, 2020ರಲ್ಲಿ ಬಂದ ಜಾವಾ 15ರಿಂದ ಖಾಯಂ ಆದ ಟೆಕ್ಸ್ಟ್ ಬ್ಲಾಕ್‌ನಲ್ಲಾಗಲಿ ಇಡೀ ಕ್ವೆರಿಯನ್ನು ಒಂದೇ ಕಡೆ ಬರೆಯಿರಿ. ಬಳಕೆದಾರರು ಕೊಡುವ ಮೌಲ್ಯವನ್ನು ಎಂದೂ ಸ್ಟ್ರಿಂಗ್‌ಗೆ ಅಂಟಿಸಬೇಡಿ. ಆ ಜಾಗದಲ್ಲಿ ಪ್ಲೇಸ್‌ಹೋಲ್ಡರ್ ಇಟ್ಟು (ಜಾವಾದಲ್ಲಾದರೆ ಪ್ರಶ್ನೆಚಿಹ್ನೆ) ಮೌಲ್ಯವನ್ನು ಬೇರೆಯಾಗಿ ಕಳಿಸಿ. ಎಡಿಟರ್‌ಗೆ ಪೂರ್ತಿ ಕ್ವೆರಿ ಕಾಣುತ್ತದೆ, ಮೌಲ್ಯದ ನೆಪದಲ್ಲಿ ಬೇರೆ ಕ್ವೆರಿ ನುಗ್ಗಿಸುವ ಎಸ್‌ಕ್ಯೂಎಲ್ ಇಂಜೆಕ್ಷನ್ ದಾಳಿಯ ಬಾಗಿಲೂ ಮುಚ್ಚುತ್ತದೆ.

ಟೇಬಲ್‌ಗೆ ಹೊಸ ಕಾಲಂ ಸೇರಿಸಿದ ದಿನ ಡೇಟಾ ಸೋರ್ಸ್ ರಿಫ್ರೆಶ್ ಮಾಡಿ. ಇಲ್ಲವಾದರೆ ಎಡಿಟರ್ ಹಳೆಯ ಪಟ್ಟಿಯನ್ನೇ ತೋರಿಸುತ್ತಿರುತ್ತದೆ.