ನೆಗಡಿಯ ಮಾತ್ರೆ, ರಾಯಚೂರಿನ ಬಿಸಿಲು: ಮನೆಯಲ್ಲಿ ಆರೈಕೆ ಹೇಗೆ?

ಬೇಸಿಗೆ ಭತ್ತದ ಕಟಾವಿನ ದೂಳು ಎದ್ದಾಗ ಸಿಂಧನೂರು, ಮಾನ್ವಿ ಕಡೆಯ ಮನೆಗಳಲ್ಲಿ ಸೀನಿಗೆ, ಮೈ ತುರಿಕೆಗೆ ಮೆಡಿಕಲ್ ಅಂಗಡಿಯಿಂದ ಸಿಪಿಎಂ ಅಥವಾ ಅವಿಲ್ ಮಾತ್ರೆ ತರುವುದು ರೂಢಿ. ಕ್ಲೋರ್‌ಫೆನಿರಮಿನ್, ಫೆನಿರಮಿನ್ ಎಂಬ ಈ ಹಳೆಯ ಪೀಳಿಗೆಯ ಔಷಧಗಳು ಸೀನು, ತುರಿಕೆ ತರುವ ಹಿಸ್ಟಮಿನ್ ಎಂಬ ರಾಸಾಯನಿಕದ ಜೊತೆಗೆ, ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಎಂಬುದರ ಕೆಲಸವನ್ನೂ ತಡೆಯುತ್ತವೆ. ಸುರಿಯುವ ಮೂಗನ್ನು ಒಣಗಿಸುವ ಗುಣವೇ ಬಾಯಿಯನ್ನು ಒಣಗಿಸುತ್ತದೆ, ಮಲ ಮೂತ್ರವನ್ನು ಕಟ್ಟಿಸುತ್ತದೆ, ಬೆವರನ್ನೂ ತಗ್ಗಿಸಬಹುದು.

ಮೊದಲ ಮಾತ್ರೆಗೂ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ರೋಗಿಗೆ ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿ ಕೆಡಿಸುವ ಕಾಯಿಲೆ) ಇದೆಯೇ? ಪ್ರಾಸ್ಟೇಟ್ ಊತದಿಂದ ಮೂತ್ರ ತಡೆದು ತಡೆದು ಬರುತ್ತಿದೆಯೇ? ನಿದ್ರೆಯ, ಮಾನಸಿಕ ಕಾಯಿಲೆಯ ಅಥವಾ ಫಿಟ್ಸ್ ಮಾತ್ರೆ ನಡೆಯುತ್ತಿದೆಯೇ? ಒಂದಕ್ಕಾದರೂ ಹೌದೆಂಬ ಉತ್ತರ ಬಂದರೆ, ಅಥವಾ ರೋಗಿ ಗರ್ಭಿಣಿಯೋ ಬಾಣಂತಿಯೋ ಆಗಿದ್ದರೆ, ವೈದ್ಯರನ್ನು ಕೇಳದೆ ಕೊಡಬಾರದು.

ಕ್ಲೋರ್‌ಫೆನಿರಮಿನ್ ವಯಸ್ಕರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ. ಎರಡು ಮಾತ್ರೆಗಳ ನಡುವೆ 4ರಿಂದ 6 ಗಂಟೆ ಅಂತರವಿರಬೇಕು, ದಿನಕ್ಕೆ 24 ಮಿಲಿಗ್ರಾಂ ಮೀರಬಾರದು. ನೆಗಡಿಯ ಅನೇಕ ಸಂಯುಕ್ತ ಮಾತ್ರೆಗಳಲ್ಲಿ, ಕೆಮ್ಮಿನ ಸಿರಪ್‌ಗಳಲ್ಲಿ ಇದು ಮೊದಲೇ ಸೇರಿರುತ್ತದೆ. ಸ್ಟ್ರಿಪ್ ಓದದೆ ಎರಡನ್ನೂ ಕೊಟ್ಟರೆ ಪ್ರಮಾಣ ಇಮ್ಮಡಿಯಾಗುತ್ತದೆ. ಮಾತ್ರೆ ನುಂಗಿದವರು ಟ್ರ್ಯಾಕ್ಟರ್, ಬೈಕ್ ಓಡಿಸಬಾರದು, ಮದ್ಯ ಮುಟ್ಟಬಾರದು.

ನಮ್ಮ ಭಾಗದಲ್ಲಿ ಹೆಚ್ಚು ಗಮನ ಬೇಕಿರುವುದು ಬಿಸಿಲಿನ ಕಡೆಗೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತೇನಲ್ಲ, ದೇಹ ತಣಿಯಲು ಆಗ ಬೆವರೇ ಆಧಾರ. ಆದ್ದರಿಂದ ಮಾತ್ರೆ ಸೇವಿಸುತ್ತಿರುವವರನ್ನು ನಡುಹಗಲಿನ ಹೊಲದ ಕೆಲಸದಿಂದ ದೂರವಿಟ್ಟು, ಬಾಯಾರಿಕೆ ಆಗಲಿ ಎಂದು ಕಾಯದೆ ನೀರು, ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಬೇಕು. ಮೈ ಸುಡುತ್ತಿದ್ದು ಬೆವರು ಕಾಣದಿದ್ದರೆ, ಮಾತು ತೊದಲಿದರೆ, ಅದನ್ನು ಬರಿಯ ಜ್ವರವೆಂದು ಬಗೆಯದೆ ನೆರಳಿಗೆ ತಂದು ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಅರವತ್ತೈದು ದಾಟಿದವರಿಗೆ ಈ ಔಷಧಗಳನ್ನು ಆದಷ್ಟು ತಪ್ಪಿಸುವುದೇ ಒಳ್ಳೆಯದು. ಸೆಟಿರಿಜಿನ್, ಲೋರಾಟಡಿನ್‌ಗಳಂಥ ಹೊಸ ಪೀಳಿಗೆಯವು ಸಾಕಾಗುತ್ತವೆಯೇ ಎಂದು ವೈದ್ಯರನ್ನು ಕೇಳಿ. ಕೊಡಲೇಬೇಕಾಗಿ ಬಂದರೆ ರಾತ್ರಿ ಮೂತ್ರಕ್ಕೆ ಏಳುವ ಹಾದಿಯಲ್ಲಿ ದೀಪ ಉರಿಯುತ್ತಿರಲಿ, ಎದ್ದಾಗ ಕೈ ಹಿಡಿಯಲು ಒಬ್ಬರಿರಲಿ. ಬೆಳಿಗ್ಗೆ ಮೂತ್ರ ಆಯಿತೇ ಎಂದು ನೇರವಾಗಿಯೇ ಕೇಳಬೇಕು, ಏಕೆಂದರೆ ಹಿರಿಯರು ಸಂಕೋಚದಿಂದ ಹೇಳುವುದಿಲ್ಲ. ಇದ್ದಕ್ಕಿದ್ದಂತೆ ಗೊಂದಲದ ಮಾತು ಶುರುವಾದರೆ ವಯಸ್ಸಿನ ಮರೆವೆಂದು ಬಿಡದೆ, ಮುಂದಿನ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಮಕ್ಕಳ ವಿಷಯದಲ್ಲಿ ಅಂದಾಜು ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಮೂಗುಕಟ್ಟು ಬಿಡಿಸುವ ಫಿನೈಲೆಫ್ರಿನ್ ಸೇರಿದ ಔಷಧವನ್ನು 4 ವರ್ಷದೊಳಗಿನವರಿಗೆ ಬಳಸಬಾರದೆಂದು ಲೇಬಲ್ ಮೇಲೆ ಮುದ್ರಿಸಲು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. ಇದೇ ಗುಂಪಿನ ಪ್ರೊಮೆಥಜಿನ್ 2 ವರ್ಷದೊಳಗಿನ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು. ಮಲಗಲಿ ಎಂದು ಮಗುವಿಗೆ ಈ ಸಿರಪ್ ಕುಡಿಸುವ ಅಭ್ಯಾಸವಂತೂ ಅಪಾಯಕಾರಿ. ಮಗು ಅಕಸ್ಮಾತ್ ಮಾತ್ರೆ ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ, ಉಳಿದ ಸ್ಟ್ರಿಪ್ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ. ಎಷ್ಟು ಮಾತ್ರೆ ಹೊಟ್ಟೆಗೆ ಹೋಗಿದೆ ಎಂದು ವೈದ್ಯರು ಲೆಕ್ಕ ಹಾಕುವುದು ಅದನ್ನು ನೋಡಿಯೇ.