ಮಗು ಕೆಥೆಡ್ರಲ್ ಕ್ವಾಯರ್ ಬೋರ್ಡಿಂಗಿಗೆ ಹೊರಟಿದ್ಯಾ? ಮನೇಲಿ ಇಷ್ಟು ಕಲಿಸಿ ಕಳ್ಸಿ

ಇಲ್ಲಿ ಇಂಗ್ಲೆಂಡಲ್ಲಿ ನಮ್ಮೋರು ಯಾರ್ ಸಿಕ್ಕಿದ್ರೂ ಅದೇ ಪ್ರಶ್ನೆ, ಎಂಟು ವರ್ಷದ ಮಗೂನ ಕೆಥೆಡ್ರಲ್ ಕ್ವಾಯರಲ್ಲಿ, ಅಂದ್ರೆ ದೊಡ್ಡ ಚರ್ಚಿನ ಗಾಯನ ತಂಡದಲ್ಲಿ, ಹಾಡೋಕೆ ಅಂತ ಹಾಸ್ಟೆಲ್‌ಗೆ ಹೇಗ್ರೀ ಬಿಟ್ರಿ ಅಂತ. ಈಗೀಗ ಒಂದಿಬ್ರು ತಮ್ಮ ಮಕ್ಕಳನ್ನೂ ವಾಯ್ಸ್ ಟ್ರಯಲ್‌ಗೆ, ಅಂದ್ರೆ ಹಾಡ್ಸಿ ಆರಿಸೋ ಪರೀಕ್ಷೆಗೆ, ಕರ್ಕೊಂಡು ಹೋಗ್ತೀವಿ ಅಂತಿದಾರೆ, ಹುಡುಗೀರೂ ಹೋಗ್ಬೋದು ಈಗ, ಸಾಲ್ಸ್‌ಬರಿ ಕೆಥೆಡ್ರಲ್‌ನವರು ಹುಡುಗೀರ ಕ್ವಾಯರ್ 1991ರಲ್ಲೇ ಶುರು ಮಾಡಿದ್ರು. ಅದಕ್ಕೇ ಒಂದೇ ಸಲ ಬರೆದು ಹಾಕ್ತಿದೀನಿ.

ಮೊದ್ಲು ತಲೇಲಿ ಇಟ್ಕೊಳ್ಳಿ, ಇದು ಹಾಬಿ ಕ್ಲಾಸಲ್ಲ, ಮಗು ಒಂದು ಕೆಲ್ಸಕ್ಕೆ ಸೇರ್ತಿದೆ. ಬೆಳಿಗ್ಗೆ ಏಳಕ್ಕೆ ಏಳೋದು, ತಿಂಡಿ, ಎಂಟರ ಹೊತ್ತಿಗೆ ರಿಹರ್ಸಲ್, ಆಮೇಲೆ ಎಲ್ರ ಥರ ಗಣಿತ ಸೈನ್ಸು ಆಟ, ಮಧ್ಯದಲ್ಲೆಲ್ಲೋ ಪಿಯಾನೋ ಪ್ರಾಕ್ಟೀಸ್, ನಾಲ್ಕಕ್ಕೆ ಬಿಸ್ಕೆಟ್ ಹಾಲು, ಮತ್ತೆ ರಿಹರ್ಸಲ್, ಐದೂವರೆಗೆ ಇವನ್‌ಸಾಂಗ್ ಅಂದ್ರೆ ಸಂಜೆ ಪ್ರಾರ್ಥನೆ, ಮುಕ್ಕಾಲು ಗಂಟೆ. ಊಟ, ಹೋಮ್‌ವರ್ಕು, ಎಂಟೂವರೆಗೆ ಲೈಟ್ ಆಫ್. ಟೈಮು ಶಾಲೆಯಿಂದ ಶಾಲೆಗೆ ಹಿಂದೆ ಮುಂದೆ ಆಗುತ್ತೆ, ಲೆಕ್ಕ ಮಾತ್ರ ಇಷ್ಟೇ. ಭಾನುವಾರ ರಜೆ ಅನ್ಕೊಂಡ್ರೆ ಕೆಟ್ರಿ, ಅವತ್ತೇ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಹಾಡೋದು.

ಟ್ರಯಲ್‌ಗೆ ತಯಾರಿ ಹೇಗೆ ಅಂದ್ರೆ, ಪಿಯಾನೋದಲ್ಲಿ ಮೂರು ಸ್ವರ ಒಟ್ಟಿಗೆ ಒತ್ತಿ "ಮಧ್ಯದ್ದು ಹಾಡು ನೋಡಣ" ಅಂತಾರೆ. ಫೋನಲ್ಲಿ ಒಂದು ಕೀಬೋರ್ಡ್ ಆಪ್ ಹಾಕ್ಕೊಂಡು ದಿನಾ ಐದು ನಿಮಿಷ ಇದನ್ನ ಆಟದ ಥರ ಆಡ್ಸಿ. ನಮ್ಮವನು ಸರಳೆ ವರಸೆ ಜಂಟಿ ವರಸೆ ಮುಗಿಸಿದ್ದ, ಹಾಗಾಗಿ ಶ್ರುತಿ ಪಕ್ಕಾ ಇತ್ತು, ಆದ್ರೆ ಒಂದು ತೊಂದ್ರೆ, ಸ್ವರದಿಂದ ಸ್ವರಕ್ಕೆ ಜಾರ್ಕೊಂಡು ಹೋಗೋ ಅಭ್ಯಾಸ. ಸಂಗೀತದ ಮೇಡಂ ಅದಕ್ಕೇ ಶಭಾಷ್ ಅಂತಿದ್ರು, ಇಲ್ಲಿ ಅದೇ ತಪ್ಪು! ನೆಟ್ಟಗೆ ಮೆಟ್ಟಿಲು ಹತ್ತಿದ ಹಾಗೆ ಹಾಡ್ಬೇಕು, ಪಕ್ಕದ ಹುಡುಗನ ದನಿಗೆ ನಿನ್ನ ದನಿ ಸೇರ್ಕೊಂಡ್ಬಿಡ್ಬೇಕು. ಇದು ಬಿಡಿಸೋಕೆ ಎರಡು ತಿಂಗಳಾಯ್ತು.

ಆಮೇಲೆ ಕೀರ್ತನೆಗಳು, ಅಂದ್ರೆ ಬೈಬಲ್ಲಿನ ಸಾಮ್ಸ್. ಹೊಸ ಮಕ್ಕಳು ಒದ್ದಾಡೋದೇ ಇಲ್ಲಿ. ಸಿಂಗಲ್ ಚಾಂಟಲ್ಲಿ, ಅಂದ್ರೆ ಒಂದೊಂದು ಸಾಲಿಗೂ ಮತ್ತೆ ಮತ್ತೆ ಬರೋ ಪುಟ್ಟ ಧಾಟೀಲಿ, ಇರೋದು ಬರೀ 10 ಸ್ವರ, ಆದ್ರೆ ಸಾಲು ಉದ್ದ ಇದ್ರೆ ಮೊದಲ್ನೇ ಸ್ವರದ ಮೇಲೆ ಹನ್ನೆರಡು ಪದ ಓಡ್ಬೋದು, ಗಿಡ್ಡ ಇದ್ರೆ ಎರಡೇ. ಹೆಚ್ಚು ಕಮ್ಮಿ ನಾವು ಮಂತ್ರ ಹೇಳೋ ಥರ, ಒಂದೇ ಸ್ವರದಲ್ಲಿ ಮಾತು ಹರಿದು ಕೊನೇಲಿ ತಿರುಗುತ್ತೆ. ಎಲ್ಲಿ ತಿರುಗ್ಬೇಕು ಅಂತ ಪುಸ್ತಕದಲ್ಲಿ ಗೆರೆ ಹಾಕಿರ್ತಾರೆ. ಮನೇಲಿ ಮಾಡ್ಬೇಕಾದ್ದು ಇಷ್ಟೇ, ಹಾಡ್ಸಬೇಡಿ, ಬರೀ ಜೋರಾಗಿ ಓದ್ಸಿ, ಗೆರೆ ಬಂದ ಕಡೆ ಟೇಬಲ್ ಮೇಲೆ ಬೆರಳು ತಟ್ಟಲಿ. ಹಳೇ ಪ್ರಾರ್ಥನೆ ಪುಸ್ತಕದ ಲೆಕ್ಕದಲ್ಲಿ 150 ಕೀರ್ತನೆ 30 ದಿನಕ್ಕೆ ಹಂಚಿದಾರೆ, 15ನೇ ತಾರೀಖು ಸಂಜೆ ಪಾಲಿಗೆ ಬರೋದು 78ನೇದು, 73 ಸಾಲು! ಕೆಲವು ಕಡೆ ಕತ್ತರಿಸ್ತಾರೆ, ಕೆಲವು ಕಡೆ ಪೂರ್ತಿ. ಕ್ವಾಯರ್ ಎರಡು ಸೈಡ್ ಆಗಿ ನಿಂತಿರುತ್ತೆ, ಡೆಕ್ಯಾನೈ ಕ್ಯಾಂಟೋರಿಸ್ ಅಂತ, ಸರದಿ ಮೇಲೆ ಹಾಡ್ತಾರೆ, ಆಚೆ ಸೈಡ್ ಹಾಡೋವಾಗ ಉಸಿರು ತಗೋ ಆದ್ರೆ ಕಣ್ಣು ಪುಸ್ತಕದಿಂದ ತೆಗೀಬೇಡ ಅಂತ ಹೇಳ್ಕೊಡಿ. ನಮ್ಮವನು ಒಂದ್ಸಲ ಮೇಲೆ ಕಿಟಕಿ ಗಾಜು ನೋಡ್ತಾ ಸಾಲು ಕಳ್ಕೊಂಡು ಬರೀ ಬಾಯಿ ಆಡಿಸ್ತಾ ನಿಂತಿದ್ನಂತೆ.

ಪೆನ್ಸಿಲ್ ತುಂಬಾ ಕೊಡಿ, ಪೆನ್ ಬೇಡ. ಮೇಷ್ಟ್ರು ಹೇಳಿದ್ದೆಲ್ಲ ನೋಟ್ಸ್ ಮೇಲೆ ಗುರುತು ಹಾಕ್ಕೋಬೇಕು. ಇನ್ನೊಂದು ಪದ್ಧತಿ ನಂಗೆ ಬಹಳ ಹಿಡಿಸಿದ್ದು, ರಿಹರ್ಸಲ್ಲಲ್ಲಿ ತಪ್ಪು ಹಾಡಿದ್ರೆ ತಾನೇ ಕೈ ಎತ್ತೋದು, ಅಂದ್ರೆ ನಂಗೆ ಗೊತ್ತಾಯ್ತು ಸರ್ ಅಂತ, ಹಾಡು ನಿಲ್ಲಲ್ಲ, ಯಾರೂ ಬೈಯಲ್ಲ. ಇದನ್ನ ಮನೇಲೇ ರೂಢಿ ಮಾಡ್ಸಿ, ಯಾಕಂದ್ರೆ ನಮ್ಮ ಮಕ್ಕಳಿಗೆ ತಪ್ಪು ಮುಚ್ಚಿಡೋದು ನಾವೇ ಕಲಿಸಿರ್ತೀವಿ.

ಬಟ್ಟೆ ವಿಷ್ಯ ಹೆಚ್ಚಿಲ್ಲ, ನಿಲುವಂಗಿ ಅವರೇ ಕೊಡ್ತಾರೆ, ಹೊಸಬರಿಗೆ ಮೇಲಿನ ಬಿಳೀದು ತಕ್ಷಣ ಸಿಗಲ್ಲ, ಪ್ರೊಬೇಷನ್ ಮುಗೀಬೇಕು. ಕಾಲುಚೀಲಕ್ಕೂ ಹೆಸರು ಹೊಲಿದು ಕಳ್ಸಿ. ತಿಂಡಿ ಡಬ್ಬಿಗೆ ಚಿಕ್ಕಿ, ಶೇಂಗಾ ಉಂಡೆ ಹಾಕ್ಬೇಡಿ, ನಟ್ಸ್ ಬಹಳ ಕಡೆ ಬ್ಯಾನ್. ಚಕ್ಕುಲಿ ಓಕೆ, ಆದ್ರೆ ಹಾಡೋಕ್ ಮುಂಚೆ ತಿಂದ್ರೆ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು, ರಾತ್ರಿಗೆ ಅಂತ ಹೇಳಿ ಕೊಡಿ.

ಫೀಸು: ಹಾಡೋ ಮಕ್ಕಳಿಗೆ ಸಾಮಾನ್ಯವಾಗಿ ದೊಡ್ಡ ರಿಯಾಯ್ತಿ ಇರುತ್ತೆ, ಆದ್ರೂ 2025 ಜನವರಿಯಿಂದ ಪ್ರೈವೇಟ್ ಸ್ಕೂಲ್ ಫೀಸಿಗೆ 20% ವ್ಯಾಟ್ ಬಂದಿದೆ, ಅದನ್ನ ಸೇರ್ಸಿ ಕೇಳಿ. ನಾವು ಹಿಂದೂಗಳು ಆಗುತ್ತಾ ಅಂತಾನೂ ಕೇಳ್ತಾರೆ. ಬೇರೆ ಧರ್ಮದ ಮಕ್ಕಳನ್ನೂ ಎಷ್ಟೋ ಕಡೆ ತಗೋತಾರೆ, ಪ್ರಾರ್ಥನೇಲಿ ಶ್ರದ್ಧೆಯಿಂದ ಇರ್ಬೇಕು ಅಷ್ಟೆ. ನಮ್ಮತ್ತೆಯವರೇ ಒಪ್ಕೊಂಡ್ರು ಅಂದ್ಮೇಲೆ ಮುಗೀತಲ್ಲ.

ಕ್ರಿಸ್ಮಸ್‌ಗೆ ಬೆಂಗ್ಳೂರ್ ಟಿಕೆಟ್ ಮಾಡೋಕ್ ಮುಂಚೆ ಇದನ್ನ ಓದಿ. ಬೇರೆ ಮಕ್ಕಳೆಲ್ಲ ಡಿಸೆಂಬರ್ ಮಧ್ಯದಲ್ಲೇ ಮನೆಗೆ ಹೋಗ್ತಾರೆ, ಹಾಡೋರಿಗೆ 25ರ ಬೆಳಗಿನ ಪ್ರಾರ್ಥನೆ ಆದ್ಮೇಲೇ ಬಿಡುಗಡೆ. ಈಸ್ಟರ್‌ಗೂ ಅಷ್ಟೆ. ನಾವು ಮೊದಲ್ನೇ ವರ್ಷ ಕ್ಯಾಲೆಂಡರ್ ಸರಿಯಾಗಿ ನೋಡ್ದೆ 19ಕ್ಕೆ ಟಿಕೆಟ್ ಬುಕ್ ಮಾಡಿ ಮೂರು ಸೀಟಿನ ದುಡ್ಡು ಕಳ್ಕೊಂಡ್ವಿ. ಹಾಗಂತ ಬೇಜಾರಿನ ದಿನಗಳಲ್ಲ ಅವು, ಕೊನೇ ವಾರ ಪಾಠ ಇರಲ್ಲ, ಹಾಡು, ಸಿನಿಮಾ, ದಿಂಬಿನ ಯುದ್ಧ.

ಮೊದಲ್ನೇ ಹದಿನೈದು ದಿನ ಅಳು ಇದ್ದೇ ಇರುತ್ತೆ, ಅವರದ್ದೂ ನಿಮ್ಮದೂ. ಮಲಗೋ ಟೈಮಿಗೆ ಫೋನ್ ಮಾಡ್ಬೇಡಿ, ಊಟಕ್ಕೆ ಮುಂಚೆ ಮಾಡಿ, ಅಜ್ಜಿ ತಾತನ ಕೈಲಿ ಕನ್ನಡದಲ್ಲಿ ಕಾರ್ಡ್ ಬರೆಸಿ ಪೋಸ್ಟ್ ಮಾಡಿ. ಹತ್ರ ಇದ್ರೆ ಇವನ್‌ಸಾಂಗ್‌ಗೆ ಹೋಗಿ, ಟಿಕೆಟ್ ಇಲ್ಲ, ಯಾರ್ ಬೇಕಾದ್ರೂ ಕೂತ್ಕೋಬೋದು. ಕೈ ಬೀಸ್ಬೇಡಿ, ಅವನು ನೋಡಿದ್ರೂ ನೋಡದ ಹಾಗೆ ಸಾಲಲ್ಲಿ ನಡೀತಾನೆ. ಮುಗಿದ್ಮೇಲೆ ಬಾಗಿಲ ಹತ್ರ ಐದು ನಿಮಿಷ ಸಿಗ್ತಾನೆ, ಹೇಗ್ ಹಾಡ್ದೆ ಅಂತ ಹೇಳೋಕೆ ಬಾಯಿ ತೆಗೀತೀರಿ, ಅಷ್ಟ್ರಲ್ಲಿ ಅವನೇ ನಿಮ್ಮ ಬ್ಯಾಗಿಗೆ ಕೈ ಹಾಕಿ "ಅಮ್ಮ, ಕೋಡ್ಬಳೆ ತಂದ್ಯಾ?"