ಹಬೆ ಎಷ್ಟು ಬಿಡಬೇಕು? ಭಾರಿ ತೈಲದ ಲೆಕ್ಕವನ್ನು ಆಲ್ಗರಿದಮ್‌ಗೆ ಒಪ್ಪಿಸುವ ಬಗೆ

ನಾಪೋಕ್ಲಿನಲ್ಲಿ ಕೂತು ನಾನು ಕೆನಡಾದ ಆಲ್ಬರ್ಟಾದ ತೈಲ ಬಾವಿಗಳ ಸಿಮ್ಯುಲೇಶನ್ ಮಾಡುತ್ತೇನೆ, ಅಂದರೆ ಬಾವಿ ಹೇಗೆ ನಡೆದುಕೊಳ್ಳುತ್ತದೆಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ನೋಡುತ್ತೇನೆ. ಕೊಡಗಿನ ನೆಲದಡಿ ಇರುವುದು ಹಳೇ ಗಟ್ಟಿ ಕಲ್ಲು, ಇಲ್ಲಿ ಎಣ್ಣೆಯ ಮಾತೇ ಇಲ್ಲ. ಆದರೂ ಕುಶಾಲನಗರ, ಪೊನ್ನಂಪೇಟೆ ಕಡೆಯ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆಂದು ಕೇಳುತ್ತಿರುತ್ತಾರೆ: ಹಬೆ ಎಷ್ಟು, ಯಾವಾಗ ಬಿಡಬೇಕೆಂದು ಹುಡುಕಲು ಯಾವ ಆಲ್ಗರಿದಮ್ ಒಳ್ಳೇದು ಸರ್? ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಮೊದಲು ಎಣ್ಣೆಯ ಸ್ವಭಾವ ನೋಡಿ. ಎಣ್ಣೆ ಎಷ್ಟು ಹಗುರ ಎಂದು ಹೇಳುವ ಎಪಿಐ ಅಂಕ 22.3ಕ್ಕಿಂತ ಕಡಿಮೆ ಇದ್ದರೆ ಅದು ಭಾರಿ ತೈಲ. ಆಲ್ಬರ್ಟಾದ ಅಥಾಬಾಸ್ಕಾ ಪ್ರದೇಶದ ಬಿಟುಮೆನ್ (ಡಾಂಬರಿನಂಥ ಮಂದ ಎಣ್ಣೆ) 10ರ ಕೆಳಗೇ ಇದೆ. ಕಕ್ಕಡ ತಿಂಗಳ ಚಳಿಯಲ್ಲಿ ಜೇನಿನ ಬಾಟಲಿ ಬೋರಲು ಹಾಕಿದರೂ ಇಳಿಯಲ್ಲ, ಅಲ್ವಾ? ಹಾಗೆಯೇ ಇದು, ಆದರೆ ಎಷ್ಟೋ ಪಟ್ಟು ಜಾಸ್ತಿ. ಬಿಸಿ ಮಾಡಿದರೆ ಮಾತ್ರ ಹರಿಯುತ್ತದೆ. ರೋಜರ್ ಬಟ್ಲರ್ ರೂಪಿಸಿದ ಸ್ಯಾಗ್‌ಡಿ ವಿಧಾನದಲ್ಲಿ ಎರಡು ಅಡ್ಡ ಬಾವಿಗಳು, ಒಂದರ ಮೇಲೊಂದು, ನಡುವೆ ಸುಮಾರು 5 ಮೀಟರ್. ಮೇಲಿನದಕ್ಕೆ ಹಬೆ ಬಿಡುತ್ತಾರೆ. ಕರಗಿದ ಎಣ್ಣೆ, ನೀರಾದ ಹಬೆ ಎರಡೂ ತಮ್ಮ ಭಾರಕ್ಕೇ ಕೆಳಗಿನ ಬಾವಿಗೆ ಇಳಿಯುತ್ತವೆ.

ನಮ್ಮ ಕೈಯಲ್ಲಿರುವುದು ಕೆಲವೇ ವಿಷಯಗಳು: ಹಬೆಯ ಒತ್ತಡ, ಅದು ಯಾವಾಗ ಬದಲಾಗಬೇಕು, ಹಬೆ ಯಾವಾಗ ನಿಲ್ಲಬೇಕು, ಮತ್ತೆ ಸಬ್‌ಕೂಲ್. ಆ ಒತ್ತಡದಲ್ಲಿ ಹಬೆಗೆ ಇರುವ ಉಷ್ಣತೆಗೂ ಕೆಳಗಿನ ಬಾವಿಗೆ ಬರುವ ದ್ರವದ ಉಷ್ಣತೆಗೂ ಇರುವ ಅಂತರವೇ ಸಬ್‌ಕೂಲ್. ಅದು ತೀರಾ ಕಡಿಮೆಯಾದರೆ ಹಬೆ ನೇರವಾಗಿ ಕೆಳಗಿನ ಬಾವಿಗೇ ನುಗ್ಗುತ್ತದೆ. ಜಾಸ್ತಿಯಾದರೆ ದ್ರವ ಬಾವಿಯ ಮೇಲೆ ನಿಂತು ತಣ್ಣಗಾಗುತ್ತದೆ.

ಒತ್ತಡ ಏರಿಸಿದರೆ ಲಾಭವೇ ಅಂದುಕೊಳ್ಳಬೇಡಿ. 10 ಬಾರ್‌ನಲ್ಲಿ ಹಬೆಯ ಉಷ್ಣತೆ 180 ಡಿಗ್ರಿ, ಕಿಲೋಗೆ ಸುಮಾರು 2015 ಕಿಲೋಜೂಲ್ ಗುಪ್ತ ಶಾಖ, ಅಂದರೆ ಹಬೆ ನೀರಾಗುವಾಗ ಬಿಟ್ಟುಕೊಡುವ ಶಾಖ. 40 ಬಾರ್‌ನಲ್ಲಿ ಉಷ್ಣತೆ 250 ಡಿಗ್ರಿ, ಗುಪ್ತ ಶಾಖ ಮಾತ್ರ ಸುಮಾರು 1714ಕ್ಕೆ ಇಳಿದಿರುತ್ತದೆ. ಎಣ್ಣೆ ಬೇಗ ಬರುತ್ತದೆ, ಆದರೆ ಬಂಡೆ ಕಾಯಿಸಲು ಶಾಖ ಜಾಸ್ತಿ ಹೋಗುತ್ತದೆ. ಈ ಎಳೆದಾಟ ಇರುವುದರಿಂದಲೇ ಆಲ್ಗರಿದಮ್ ಬೇಕಾಗಿರುವುದು.

ಈಗ ಗುರಿ ಬರೆಯಿರಿ. ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲೇ. 'ಒಟ್ಟು ಎಣ್ಣೆ ಜಾಸ್ತಿ ಬರಲಿ' ಎಂದರೆ ಆಲ್ಗರಿದಮ್ ಹಬೆಯನ್ನು ನೀವು ಕೊಟ್ಟ ಮೇಲಿನ ಮಿತಿಗೆ ತಂದು ನಿಲ್ಲಿಸುತ್ತದೆ. 'ಪ್ರತಿ ಘನ ಮೀಟರ್ ಎಣ್ಣೆಗೆ ಹಬೆ ಕಡಿಮೆಯಾಗಲಿ' ಎಂದರೆ ಸ್ವಲ್ಪ ದಿನ ಹಬೆ ಬಿಟ್ಟು ಬಂದ್ ಮಾಡಿ, ಉಳಿದ ಬಿಸಿಗೆ ಇಳಿಯುವ ಎಣ್ಣೆಯನ್ನಷ್ಟೇ ತೋರಿಸಿ ಬೀಗುತ್ತದೆ. ಎರಡೂ ಲೆಕ್ಕದ ಪ್ರಕಾರ ಸರಿಯೇ! ಆದ್ದರಿಂದ ಗುರಿ ದುಡ್ಡಿನಲ್ಲಿರಲಿ: ಎಣ್ಣೆಯ ಆದಾಯದಿಂದ ಹಬೆಯ ಖರ್ಚು, ನೀರು ಶುದ್ಧ ಮಾಡುವ ಖರ್ಚು ಕಳೆದು, ತಿಂಗಳು ತಿಂಗಳಿಗೆ ಬಡ್ಡಿ ಮುರಿದುಕೊಂಡ ಇವತ್ತಿನ ಬೆಲೆ. ಸಬ್‌ಕೂಲ್ ಮಿತಿ ಮೀರಿದರೆ ದಂಡ ಹಾಕಿ. ದಂಡ ಒಂದೇ ದೊಡ್ಡ ಸಂಖ್ಯೆ ಆಗಬಾರದು. ಎಷ್ಟು ಮೀರಿತೋ ಅಷ್ಟು ದಂಡ. ಆಗಲೇ ಯಾವ ಕಡೆ ಹಿಂದೆ ಸರಿಯಬೇಕೆಂದು ಅದಕ್ಕೆ ತಿಳಿಯುವುದು. ಇನ್ನೊಂದು: ಸಿಮ್ಯುಲೇಟರ್ ಅರ್ಧಕ್ಕೆ ಕೈಕೊಟ್ಟ ರನ್‌ಗೆ (ಒಂದು ಸಲ ಓಡಿಸಿದ ಲೆಕ್ಕಕ್ಕೆ) ಸುಮ್ನೆ ಸೊನ್ನೆ ಬರೆದುಬಿಡಬೇಡಿ. ಉಳಿದವೆಲ್ಲ ನಷ್ಟದಲ್ಲಿದ್ದರೆ ಆ ಸೊನ್ನೆಯೇ ಗೆಲ್ಲುತ್ತದೆ.

ಆಮೇಲೆ ಸಮಯದ ಲೆಕ್ಕ. ಪೈಥಾನ್‌ನ ಲೆಕ್ಕದ ಲೈಬ್ರರಿ ಸೈಪೈನಲ್ಲಿರುವ ಡಿಫರೆನ್ಷಿಯಲ್ ಎವಲ್ಯೂಷನ್ ತಗೊಳ್ಳಿ. ಅದು ಉತ್ತರಗಳ ಒಂದು ಗುಂಪನ್ನು ಪೀಳಿಗೆಯಿಂದ ಪೀಳಿಗೆಗೆ ತಿದ್ದುತ್ತಾ ಹೋಗುವ ಆಲ್ಗರಿದಮ್. ಅಲ್ಲಿ ಪಾಪ್‌ಸೈಜ್ 15 ಎಂದಿದ್ದರೆ ಗುಂಪಿನ ತಲೆ ಎಣಿಕೆ 15 ಅಲ್ಲ. ಅದನ್ನು ಚರಗಳ (ಒತ್ತಡ, ಸಮಯದಂಥ ನಾವು ಬದಲಿಸುವ ಅಂಕಿಗಳ) ಸಂಖ್ಯೆಯಿಂದ ಗುಣಿಸಬೇಕು. 8 ಚರ ಇದ್ದರೆ ಒಂದು ಪೀಳಿಗೆಗೆ 120 ರನ್, 50 ಪೀಳಿಗೆಗೆ ಸುಮಾರು 6000. ಒಂದು ರನ್‌ಗೆ 45 ನಿಮಿಷ ಎಂದರೆ 4500 ಗಂಟೆ, ಆರು ತಿಂಗಳು. 8 ರನ್ ಒಟ್ಟಿಗೆ ಓಡಿಸಿದರೂ ಇಪ್ಪತ್ತಮೂರು ದಿನ. ಜುಲೈನಲ್ಲಿ ನಮ್ಮೂರಲ್ಲಿ ಅಷ್ಟು ದಿನ ಬಿಡದೆ ಕರೆಂಟ್ ಇರುತ್ತದೆ ಎಂದರೆ ಯಾರೂ ನಂಬಲ್ಲ.

ಹಾಗಾಗಿ ಪೂರ್ತಿ ಸಿಮ್ಯುಲೇಟರ್ ಮೇಲೆ ಆಲ್ಗರಿದಮ್ ಛೂ ಬಿಡಬೇಡಿ. ಲ್ಯಾಟಿನ್ ಹೈಪರ್‌ಕ್ಯೂಬ್ ವಿಧಾನದಲ್ಲಿ, ಅಂದರೆ ಪ್ರತಿ ಚರದ ಪೂರ್ತಿ ವ್ಯಾಪ್ತಿಯಿಂದಲೂ ಸಮನಾಗಿ ಆರಿಸಿ, ಚರಗಳನ್ನು ಹರಡಿ ನೂರು ರನ್ ಮಾಡಿ. 8 ಒಟ್ಟಿಗೆ ಓಡಿದರೆ ಹತ್ತು ಗಂಟೆಯೊಳಗೆ ಮುಗಿಯುತ್ತದೆ. ಪ್ರತಿ ರನ್ ಮುಗಿದ ಕೂಡಲೇ ಫಲಿತಾಂಶ ಫೈಲ್‌ಗೆ ಬರೆಯಲಿ. ಮರ ಬಿದ್ದು ಲೈನ್ ಹೋದರೂ ಮುಗಿದ ರನ್‌ಗಳು ಉಳಿಯುತ್ತವೆ. ಆ ನೂರರ ಮೇಲೆ ಪೈಥಾನ್‌ನದೇ ಇನ್ನೊಂದು ಲೈಬ್ರರಿ ಸೈಕಿಟ್-ಲರ್ನ್‌ನ ಗಾಸಿಯನ್ ಪ್ರೊಸೆಸ್ ಹೊಂದಿಸಿ. ಸಿಮ್ಯುಲೇಟರ್ ಓಡಿಸದೆಯೇ ಫಲಿತಾಂಶವನ್ನು ಬೇಗ ಊಹಿಸುವ ಮಾದರಿ ಅದು. ಹೊಂದಿಸುವಾಗ ಹತ್ತು ರನ್ ಪಕ್ಕಕ್ಕಿಟ್ಟು, ಅವುಗಳ ಮೇಲೆ ಅದರ ಊಹೆ ಸರಿಯಿದೆಯಾ ನೋಡಿ. ಸರಿಯಿದ್ದರೆ ಡಿಫರೆನ್ಷಿಯಲ್ ಎವಲ್ಯೂಷನ್ ಅದರ ಮೇಲೆ ಓಡಲಿ, ನಿಮಿಷಗಳ ಕೆಲಸ. ಅದು ಆರಿಸಿದ ಐದಾರು ಉತ್ತರಗಳನ್ನು ನಿಜವಾದ ಸಿಮ್ಯುಲೇಟರ್‌ಗೆ ಹಾಕಿ, ಬಂದ ಅಂಕಿಗಳನ್ನು ನೂರಕ್ಕೆ ಸೇರಿಸಿ, ಮತ್ತೆ ಹೊಂದಿಸಿ. ಉತ್ತರ ಸುಧಾರಿಸುವುದು ನಿಂತಾಗ ನಿಲ್ಲಿಸಿ. ಪಾರ್ಟಿಕಲ್ ಸ್ವಾರ್ಮ್ ಎಂಬ ಇನ್ನೊಂದು ಆಲ್ಗರಿದಮ್ ಬಳಸಿದರೂ ನಡೆಯುತ್ತದೆ. ಯಾವುದು ಮೇಲು ಎಂಬ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ.

ನಮ್ಮ ದೇಶದ ಉದಾಹರಣೆ ಬೇಕೆನ್ನುವವರಿಗೆ ಗುಜರಾತಿನ ಮೆಹ್ಸಾಣಾದ ಬಾಲೋಲ್ ಇದೆ. ಅಲ್ಲಿ ಓಎನ್‌ಜಿಸಿ ಹಬೆ ಬಿಡದೆ ಗಾಳಿ ಒತ್ತಿ, ನೆಲದೊಳಗೇ ಸ್ವಲ್ಪ ಎಣ್ಣೆ ಸುಡುವ ದಾರಿ ಹಿಡಿಯಿತು. ಪದರ ಸುಮಾರು 1000 ಮೀಟರ್ ಆಳದಲ್ಲಿದೆ. ಅಷ್ಟು ಆಳಕ್ಕೆ ಹೋಗುವಷ್ಟರಲ್ಲಿ ಹಬೆ ಬಿಸಿ ಕಳೆದುಕೊಳ್ಳುತ್ತದೆ. ಆದರೆ ಮೊದಲ ಪ್ರಾಜೆಕ್ಟ್‌ಗೆ ಇದು ಬೇಡ. ಉರಿಯುವ ಅಂಚು ತೀರಾ ತೆಳು, ಸಿಮ್ಯುಲೇಟರ್ ನೆಲವನ್ನು ಹೋಳು ಮಾಡಿಕೊಳ್ಳುವ ಗ್ರಿಡ್‌ನ ಚೌಕ ಮೀಟರ್‌ಗಟ್ಟಲೆ. ಉತ್ತರ ಗ್ರಿಡ್ ಜೊತೆ ಬದಲಾಗುತ್ತಲೇ ಇರುತ್ತದೆ.

ಸ್ಯಾಗ್‌ಡಿಯಲ್ಲೂ ಗೆದ್ದ ಉತ್ತರವನ್ನು ಎರಡು ಸಲ ಜಾಲಿಸಿ. ಗ್ರಿಡ್ ಸಣ್ಣ ಮಾಡಿ ಮೊದಲ ಮೂರು ಉತ್ತರಗಳನ್ನು ಮತ್ತೆ ಓಡಿಸಿ. ಅವುಗಳ ಕ್ರಮವೇ ಬದಲಾದರೆ ಆಲ್ಗರಿದಮ್ ಕಲಿತದ್ದು ನಿಮ್ಮ ಗ್ರಿಡ್ಡನ್ನು, ಬಾವಿಯನ್ನಲ್ಲ. ಆಮೇಲೆ ಪರ್ಮಿಯಬಿಲಿಟಿ (ಬಂಡೆಯೊಳಗೆ ದ್ರವ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದು) ಬೇರೆ ಬೇರೆ ಇರುವ ಹತ್ತು ನಕ್ಷೆಗಳ ಮೇಲೆ ಓಡಿಸಿ. ಒಂದರಲ್ಲಿ ಭಾರೀ ಲಾಭ, ಮೂರರಲ್ಲಿ ನಷ್ಟ ಕೊಡುವ ಯೋಜನೆಗಿಂತ ಹತ್ತರಲ್ಲೂ ಸಾಧಾರಣ ಲಾಭ ಕೊಡುವುದನ್ನೇ ನಾನು ಆರಿಸುತ್ತೇನೆ. ಕೊನೆಗೆ ಅಂಕಿಗಳನ್ನು ದುಂಡು ಮಾಡಿ: 23.7 ಬಾರ್ ಎಂದು ಬಂದಿದ್ದರೆ 24 ಎಂದು ಬರೆದು ಮತ್ತೊಮ್ಮೆ ರನ್ ಮಾಡಿ, ಆಮೇಲೆ ವರದಿಗೆ ಹಾಕಿ.